ಕಾರಿನ ಜಾಗದಲ್ಲಿ ನಾಲ್ಕು ತರಕಾರಿ ಮಡಿ

ನಮ್ಮದು ಚಳ್ಳಕೆರೆ ಸೀಮೆ. ವರ್ಷದ ಮಳೆ 500 ಮಿಲಿಮೀಟರ್ ದಾಟಿದರೆ ಒಳ್ಳೆ ವರ್ಷ ಅಂತ ಲೆಕ್ಕ. ಬಿದ್ದ ಹನಿ ಹೊಲ ಬಿಟ್ಟು ಹೋಗದ ಹಾಗೆ ಬದು ಹಾಕೋದು, ಇಳಿಜಾರಿಗೆ ಅಡ್ಡಲಾಗಿ ಉಳೋದು, ಇದೇ ನಾವು ಕಲಿತ ವಿದ್ಯೆ. ಅಂಥ ನಾನು ಬೆಂಗಳೂರಿನಲ್ಲಿರುವ ಮಗಳ ಮನೆ ಮುಂದೆ ನೀರನ್ನು ಹೊರಗೆ ಕಳಿಸೋದು ಹೇಗೆ ಅಂತ ತಲೆ ಕೆಡಿಸಿಕೊಳ್ಳಬೇಕಾಯ್ತು. ಮುಂದೆ ಒಂದೂವರೆ ವರ್ಷಕ್ಕೆ ಅದೇ ಜಾಗದಲ್ಲಿ ನೀರು ಹಿಡಿದಿಡೋದು ಹೇಗೆ ಅಂತ ಮತ್ತೆ ಯೋಚಿಸಬೇಕಾಯ್ತು. 12 ಅಡಿ ಅಗಲ, 20 ಅಡಿ ಉದ್ದದ ಆ ಜಾಗ ನನಗೆ ಕಲಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

ರೈತರ ಪತ್ರಿಕೆಯಲ್ಲಿ ಪೇಟೆ ಕೈತೋಟದ ಮಾತು ಯಾಕೆ ಅಂತ ಕೆಲವರು ಕೇಳಬಹುದು. ನಮ್ಮಲ್ಲಿ ಯಾರ ಮನೆ ಮಕ್ಕಳು ಈಗ ಪೇಟೆಯಲ್ಲಿಲ್ಲ ಹೇಳಿ? ಮೊಮ್ಮಕ್ಕಳನ್ನು ನೋಡಿಕೊಳ್ಳಲು ಹೋದ ನಮ್ಮಂಥವರು ಅಲ್ಲಿ ಟಿ.ವಿ. ಮುಂದೆ ಕೂರುವ ಬದಲು ಕೈಗೆ ಮಣ್ಣು ಹತ್ತಿಸಿಕೊಳ್ಳಬಹುದು. ಅಲ್ಲಿ ಕಲಿತದ್ದು ಹಿತ್ತಲಿಗೂ ಬರುತ್ತೆ.

ಜಾಗದ ತಕರಾರು

ಮಗಳದು 30-40ರ ಸೈಟು. ಮನೆ ಮುಂದೆ ಕಾರು ನಿಲ್ಲಿಸಲು ಬಿಟ್ಟ ಜಾಗ ಇದು. ಪೂರ್ವಕ್ಕೆ ರಸ್ತೆ. ಬೆಳಿಗ್ಗೆ 8ರಿಂದ ಮಧ್ಯಾಹ್ನ 1 ಗಂಟೆವರೆಗೆ ಬಿಸಿಲು ಬೀಳುತ್ತೆ, ಆಮೇಲೆ ಮನೆಯದೇ ನೆರಳು. ತರಕಾರಿಗೆ ಐದು ಗಂಟೆ ಬಿಸಿಲು ಇದ್ದರೆ ಸಾಕು. ಅದಕ್ಕಿಂತ ಕಡಿಮೆಯಾದರೆ ಸೊಪ್ಪು ಬಂದೀತು, ಕಾಯಿ ಬರಲ್ಲ.

ಅಳಿಯಂದಿರು ಅಲ್ಲಿ ಕಾಂಕ್ರೀಟು ಹಾಕಿಸೋ ಮನಸ್ಸು ಮಾಡಿದ್ದರು. ಆ ರಸ್ತೆಯಲ್ಲಿ ಎಲ್ಲರೂ ಹಾಕಿಸಿಯಾಗಿತ್ತು. ಮಣ್ಣು ಕಾಣುತ್ತಿದ್ದದ್ದು ಇದೊಂದೇ ಮನೆ ಮುಂದೆ. "ಒಂದು ವರ್ಷ ಬಿಟ್ಟುಕೊಡಿ, ಏನಾದರೂ ಬೆಳೆದು ತೋರಿಸ್ತೀನಿ. ಆಮೇಲೆ ನಿಮ್ಮಿಷ್ಟ" ಅಂದೆ. ದೊಡ್ಡವರ ಮಾತು ತೆಗೆದುಹಾಕಬಾರದು ಅಂತ ಒಪ್ಪಿದರು, ಖುಷಿಯಿಂದ ಅಲ್ಲ.

ಮೊದಲ ಸಲ ಸೋತೆ

2022ರ ಜೂನಿನಲ್ಲಿ ಹೊಲದ ಅಭ್ಯಾಸದಂತೆ ಗುದ್ದಲಿಯಿಂದ ಅಗೆದು, ಗೊಬ್ಬರ ಬೆರೆಸಿ, ಸಮ ಮಾಡಿ ನೀರು ನಿಲ್ಲೋ ಹಾಗೆ ಪಾತಿ ಕಟ್ಟಿದೆ. ಟೊಮೆಟೊ, ಬೆಂಡೆ, ಹುರುಳಿಕಾಯಿ ಹಾಕಿದೆ. ಗಿಡ ಎದ್ದವು. ಆದರೆ ಎಳೆ ಎಲೆಗಳು ಹಳದಿ, ನರ ಮಾತ್ರ ಹಸಿರು. ಇದನ್ನು ನಾನು ಊರಲ್ಲಿ ನೋಡಿದ್ದೆ. ಸುಣ್ಣಗಲ್ಲಿನ ಹೊಲದಲ್ಲಿ ಶೇಂಗಾ ಹೀಗೇ ಬೆಳ್ಳಗಾಗುತ್ತೆ. ಮಣ್ಣಲ್ಲಿ ಸುಣ್ಣ ಜಾಸ್ತಿಯಾದರೆ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗಲ್ಲ. ಇಲ್ಲಿ ಸುಣ್ಣ ಎಲ್ಲಿಂದ ಬಂತು ಅಂತ ಕೆದಕಿ ನೋಡಿದರೆ ಮನೆ ಕಟ್ಟುವಾಗ ಬಿದ್ದ ಸಿಮೆಂಟು, ಗಾರೆ ಚಕ್ಕೆ, ಟೈಲ್ಸ್ ಚೂರು, ಗೋಡೆಗೆ ಬಳಿದ ಪುಟ್ಟಿ. ಒಂದು ಅಡಿ ಕೆಳಗೆ ಲಾರಿ, ಮಿಕ್ಸರ್ ಓಡಾಡಿ ನೆಲ ಕಲ್ಲಾಗಿತ್ತು. ಹಾರೆ ಹಾಕಿದರೆ ಟಣ್ ಅನ್ನೋದು.

ಹಾಗೂ ಹೀಗೂ ಹೂ ಕಚ್ಚಿದವು. ಸೆಪ್ಟೆಂಬರ್ ಬಂತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗ ಮುಳುಗಿದ್ದು, ಜನರನ್ನು ಟ್ರ್ಯಾಕ್ಟರಲ್ಲಿ, ದೋಣಿಯಲ್ಲಿ ಸಾಗಿಸಿದ್ದು ಪೇಪರಿನಲ್ಲಿ ನೀವೂ ಓದಿರುತ್ತೀರಿ. ನಮ್ಮ ರಸ್ತೆಯ ಕಾಂಕ್ರೀಟಿನ ನೀರೆಲ್ಲ ಇದೊಂದು ಮಣ್ಣಿನ ಜಾಗಕ್ಕೆ ನುಗ್ಗಿತು. ಪಾತಿಯಲ್ಲಿ ಮೂರು ದಿನ ನೀರು ನಿಂತಿತು. ನಾಲ್ಕನೇ ದಿನ ಬಿಸಿಲು ಬಂದಾಗ ಟೊಮೆಟೊ ಗಿಡ ನೀರಲ್ಲೇ ನಿಂತು ಬಾಡಿದವು. ಒಣಗಿ ಬಾಡೋದು ನಾವು ದಿನಾ ನೋಡಿದ್ದು, ನೀರಲ್ಲಿ ಬಾಡೋದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕಿತ್ತು ನೋಡಿದರೆ ಬೇರು ಕಂದಾಗಿ, ಸಿಪ್ಪೆ ಕೈಗೆ ಬರೋದು. ಬೇರಿಗೂ ಉಸಿರು ಬೇಕು. ಮಣ್ಣಿನ ಸಂದಿಯಲ್ಲೆಲ್ಲ ನೀರೇ ತುಂಬಿದರೆ ಗಾಳಿ ಎಲ್ಲಿಂದ ಬರಬೇಕು?

"ಮಾವ, ಇನ್ನು ಕಾಂಕ್ರೀಟು ಹಾಕಿಸಿಬಿಡ್ತೀನಿ" ಅಂದರು ಅಳಿಯಂದಿರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಗಳೇ ಬಾಯಿ ಹಾಕಿ "ಅಪ್ಪನಿಗೆ ಇನ್ನೊಂದು ವರ್ಷ ಕೊಡಿ" ಅಂದಳು.

ಒಟ್ಲು ನೆನಪಾಯ್ತು

ಊರಿಗೆ ಬಂದು ಈರುಳ್ಳಿ ಕೊಯ್ಲಿನಲ್ಲಿದ್ದಾಗ ಹೊಳೆಯಿತು. ಏರು ಮಡಿ ನಮಗೇನು ಹೊಸದಲ್ಲ. ಮೆಣಸಿನಕಾಯಿ, ಈರುಳ್ಳಿ, ಟೊಮೆಟೊ ಒಟ್ಲು ಬಿಡುವಾಗ ನೆಲಕ್ಕಿಂತ ಅರ್ಧ ಅಡಿ ಎತ್ತರಿಸಿಯೇ ಬಿಡುತ್ತೇವೆ. ಎಳೆ ಸಸಿ ಬುಡ ಕೊಳೆಯಬಾರದು ಅಂತ. ಸಸಿಗೆ ಮಾಡಿದ್ದನ್ನು ಗಿಡಕ್ಕೂ ಮಾಡಿದರೆ ಆಯಿತಲ್ಲ. ನೆಲ ಕೆಟ್ಟಿದ್ದರೆ ನೆಲದ ಮೇಲೆ ಒಳ್ಳೆ ಮಣ್ಣು ಏರಿಸೋದು, ನೀರು ನಿಲ್ಲುತ್ತೆ ಅಂದರೆ ಬೇರನ್ನು ನೀರಿಗಿಂತ ಮೇಲಿಡೋದು.

2022ರ ನವೆಂಬರಿನಲ್ಲಿ ಕೆಲಸ ಶುರು ಮಾಡಿದೆ. ಮಾಡಿದ ಕ್ರಮ ಹೀಗೆ:

ಮೊದಲು ಮೇಲಿನ ಎರಡು ಇಂಚು ಸಿಮೆಂಟು ಬೆರೆತ ಪದರ ಕೆರೆದು ಹೊರಗೆ ಹಾಕಿದೆ. ಆಮೇಲೆ ಮಡಿ ಬರುವ ಕಡೆಯೆಲ್ಲ ಹಾರೆಯಿಂದ ಒಂದು ಅಡಿ ಆಳ ಮೀಟಿ ಸಡಿಲ ಮಾಡಿದೆ. ಇದು ಬೆನ್ನು ಮುರಿಯೋ ಕೆಲಸ, ನಾಲ್ಕು ದಿನ ಹಿಡಿಯಿತು. ಆದರೆ ಇದನ್ನು ಬಿಟ್ಟರೆ ಏರು ಮಡಿ ಅನ್ನೋದು ಬಂಡೆ ಮೇಲಿಟ್ಟ ಕುಂಡದ ಹಾಗೆ. ಮೇಲಿನ ನೀರು ಕೆಳಗಿಳಿಯಲ್ಲ, ಬೇರೂ ಇಳಿಯಲ್ಲ. ಸಿಕ್ಕಿದ ಇಟ್ಟಿಗೆ ಚೂರನ್ನೆಲ್ಲ ಓಡಾಡುವ ದಾರಿಗೆ ಹಾಸಿದೆ.

ಮಡಿ ನಾಲ್ಕು. ಒಂದೊಂದೂ ಒಳ ಅಳತೆಯಲ್ಲಿ 3 ಅಡಿ ಅಗಲ, 8 ಅಡಿ ಉದ್ದ. ಮೂರು ಅಡಿಗಿಂತ ಅಗಲ ಬೇಡ. ಎರಡೂ ಕಡೆಯಿಂದ ಕೂತು ಕೈ ಚಾಚಿದರೆ ನಡು ಸಿಗಬೇಕು. ಮಡಿ ಮೇಲೆ ಯಾರೂ ಕಾಲಿಡಬಾರದು ಅನ್ನೋದು ಮೊದಲ ಕಟ್ಟಳೆ. ಒಮ್ಮೆ ತುಳಿದರೆ ಹಾರೆ ಕೆಲಸ ನೀರಿಗೆ ಹೋಮ. ಸಾಲುಗಳ ನಡುವೆ ಒಂದೂವರೆ ಅಡಿ ದಾರಿ. ಮನೆ ಗೋಡೆಯಿಂದ 2 ಅಡಿ, ಕಾಂಪೌಂಡಿನಿಂದ 1 ಅಡಿ ಬಿಟ್ಟಿದ್ದೇನೆ. ಮಡಿಯನ್ನು ಗೋಡೆಗೆ ಆನಿಸಿದರೆ ಗೋಡೆ ಥಂಡಿ ಹಿಡಿಯುತ್ತೆ, ಆಮೇಲೆ ಮನೆಯವರಿಂದ ಮಾತು ಕೇಳಬೇಕಾಗುತ್ತೆ.

ಅಂಚಿಗೆ 4 ಇಂಚಿನ ಸಿಮೆಂಟ್ ಸಾಲಿಡ್ ಬ್ಲಾಕು. ಅದರ ಉದ್ದ 16 ಇಂಚು, ಎತ್ತರ 8 ಇಂಚು. ನಿಲ್ಲಿಸಿ ಜೋಡಿಸಿದರೆ ಒಂದು ಮಡಿಗೆ 17 ಬೇಕಾಯ್ತು. ಗಾರೆ ಹಾಕಲಿಲ್ಲ, ಬರೀ ಜೋಡಿಸಿದ್ದು. ದುಡ್ಡು ಉಳಿಸಲು ಹಾಗೆ ಮಾಡಿದ್ದು, ಅದರಿಂದ ದೊಡ್ಡ ಉಪಕಾರ ಆಯಿತು, ಮುಂದೆ ಹೇಳುತ್ತೇನೆ. ಹಳೇ ಆಸ್‌ಬೆಸ್ಟಾಸ್ ಶೀಟಿನ ತುಂಡು, ಬಣ್ಣ ಬಳಿದ ಹಳೇ ಮರ ಮಾತ್ರ ಅಂಚಿಗೆ ಬೇಡ. ತಿನ್ನೋ ಬೆಳೆ ಹತ್ತಿರ ಅವು ಬೇಡವೇ ಬೇಡ.

ಮಡಿ ಒಳಗಿನ ಮಣ್ಣು

ನಾಲ್ಕು ಮಡಿಗೆ 8 ಇಂಚು ಎತ್ತರ ತುಂಬಲು ಸುಮಾರು 64 ಘನ ಅಡಿ ಬೇಕಾಗುತ್ತೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ತರಗೆಲೆ. ಮಣ್ಣು ಅರ್ಧ ಟ್ರ್ಯಾಕ್ಟರ್ ಕೊಂಡೆವು. ಗೊಬ್ಬರ ನಮ್ಮೂರಿನದೇ. ಈರುಳ್ಳಿ ಲಾರಿ ಹೇಗೂ ಯಶವಂತಪುರಕ್ಕೆ ಹೋಗುತ್ತಲ್ಲ, ಅದರ ಮೇಲೆ 10 ಚೀಲ ಕುರಿಗೊಬ್ಬರ ಹಾಕಿಸಿದೆ. ವರ್ಷ ಕಳೆದ ಗೊಬ್ಬರ. ಹಸಿ ಕುರಿಗೊಬ್ಬರ ಕಾವು ಜಾಸ್ತಿ, ಸಸಿ ಸುಟ್ಟುಹೋಗುತ್ತೆ.

ತರಗೆಲೆ ಪೇಟೆಯಲ್ಲಿ ಬೇಕಾದಷ್ಟು. ಹೊಂಗೆ, ಮಳೆಮರದ ಎಲೆ ಗುಡಿಸಿ ಮೂಲೆಗೆ ಹಾಕಿರುತ್ತಾರೆ. ಪ್ಲಾಸ್ಟಿಕ್ ಆರಿಸಿ ತೆಗೆದು ತಂದು ಮಡಿಯ ತಳಕ್ಕೆ ಹಾಸಿ, ಅದರ ಮೇಲೆ ಮಣ್ಣು ಗೊಬ್ಬರದ ಮಿಶ್ರಣ ತುಂಬಿದೆ. ಕೊಳೆಯದ ಎಲೆಯನ್ನು ಮೇಲ್ಮಣ್ಣಿಗೆ ಬೆರೆಸಬಾರದು, ಕೊಳೆಯುವಾಗ ಅದು ಗಿಡದ ಸಾರಜನಕವನ್ನೇ ತಿನ್ನುತ್ತೆ. ತುಂಬಿದ ಮೇಲೆ ನೀರು ಚಿಮುಕಿಸಿ ಒಂದು ತಿಂಗಳು ಬಿಟ್ಟೆ. ಎರಡು ಇಂಚು ಕುಸಿಯಿತು, ಮತ್ತೆ ಮಣ್ಣು ಏರಿಸಿದೆ. ಈಗಲೂ ಪ್ರತಿ ಬೆಳೆ ಮುಗಿದಾಗ ಒಂದೊಂದು ಮಡಿಗೆ ಎರಡು ಬಾಂಡ್ಲಿ ಗೊಬ್ಬರ ಹಾಕುತ್ತೇವೆ. ಅದು ಅಡುಗೆ ಮನೆ ಕಸದ್ದೇ. ಒಂದು ಹಳೇ ಡ್ರಮ್ಮಿನ ತಳಕ್ಕೆ ತೂತು ಹೊಡೆದು, ಸಿಪ್ಪೆ ಒಂದು ಪದರ, ಒಣ ಎಲೆ ಎರಡು ಪದರ ಹಾಕುತ್ತಾ ಹೋದರೆ ನಾತ ಬರಲ್ಲ.

ಏನೇನು ಹಾಕಿದೆವು

ಒಂದು ಮಡಿ ಸೊಪ್ಪಿಗೆ. ಮೆಂತ್ಯ 25 ದಿನಕ್ಕೆ, ಕೊತ್ತಂಬರಿ 40 ದಿನಕ್ಕೆ ಬರುತ್ತೆ. ಕೊತ್ತಂಬರಿ ಬೀಜವನ್ನು ಚಪ್ಪಲಿ ಕಾಲಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿಯೇ ಬಿತ್ತಬೇಕು. ದಂಟಿನಲ್ಲಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಸುಗುಣ ತಳಿ ಹಾಕಿದೆವು. ಕಿತ್ತು ಹಾಕೋದಲ್ಲ, ಕೊಯ್ದಷ್ಟೂ ಚಿಗುರುತ್ತೆ. ಪೂರ್ತಿ ಮಡಿಗೆ ಒಂದೇ ದಿನ ಬಿತ್ತಬೇಡಿ. ಎರಡೆರಡು ಅಡಿ ಪಟ್ಟಿ ಮಾಡಿ ಹತ್ತು ದಿನಕ್ಕೊಮ್ಮೆ ಬಿತ್ತಿದರೆ ವಾರವಾರ ಸೊಪ್ಪು. ಮೊದಲ ಸಲ ಒಟ್ಟಿಗೆ ಬಿತ್ತಿ, ಒಂದು ವಾರ ಮೂರು ಹೊತ್ತೂ ಮೆಂತ್ಯ ತಿಂದು ಮಕ್ಕಳು ಮುಖ ಸಿಂಡರಿಸಿದ್ದರು.

ಎರಡನೇ ಮಡಿಗೆ ಟೊಮೆಟೊ, ಒಂದೂವರೆ ಅಡಿಗೊಂದರಂತೆ ಎರಡು ಸಾಲು, 10 ಗಿಡ. ಮೂರನೆಯದಕ್ಕೆ ಬೆಂಡೆ 16 ಗಿಡ, ನಾಲ್ಕು ಬದನೆ. ನಾಲ್ಕನೆಯದಕ್ಕೆ ಹುರುಳಿಕಾಯಿ, ಅಂಚಿಗೆ ಮೂಲಂಗಿ. ಕಾಂಪೌಂಡಿನ ಕಡೆ ಎರಡು ಹೀರೆ ಬಳ್ಳಿ ಗ್ರಿಲ್ಲಿಗೆ ಹಬ್ಬಿಸಿದೆವು. ಕುಂಬಳ, ಸೋರೆ ಇಷ್ಟು ಜಾಗಕ್ಕೆ ಬೇಡ. ಮುಂದಿನ ಬೆಳೆಯಲ್ಲಿ ಟೊಮೆಟೊ, ಬದನೆ ಇದ್ದ ಕಡೆ ಅವನ್ನೇ ಮತ್ತೆ ಹಾಕದೆ ಹುರುಳಿಕಾಯಿ ಅಥವಾ ಸೊಪ್ಪು ಹಾಕುತ್ತೇವೆ.

2023ರ ಮೇ ತಿಂಗಳಲ್ಲಿ ಬೆಂಗಳೂರಿಗೆ ಜೋರು ಮಳೆ ಬಂತು. ದಾರಿಯಲ್ಲಿ ಪಾದ ಮುಳುಗೋ ಹಾಗೆ ನೀರು ಹರಿಯಿತು, ಮಡಿ ಮೇಲಿನ ಗಿಡ ಅಲುಗಲಿಲ್ಲ. ಅಳಿಯಂದಿರು ಕೊಡೆ ಹಿಡಿದು ನಿಂತು ನೋಡಿ ಒಳಗೆ ಹೋದರು, ಏನೂ ಅನ್ನಲಿಲ್ಲ.

ಏರು ಮಡಿಯ ಇನ್ನೊಂದು ಮುಖ

ಇಲ್ಲಿಗೆ ಮುಗಿದಿದ್ದರೆ ಏರು ಮಡಿ ಹೊಗಳಿ ಲೇಖನ ಮುಗಿಸಬಹುದಿತ್ತು. 2023ರ ಮುಂಗಾರು ಕೈಕೊಟ್ಟಿತು. ರಾಜ್ಯದಲ್ಲೇ ಬರ. ನಮ್ಮ ಶೇಂಗಾ ಹಾಕಿದ ಬೀಜದಷ್ಟೂ ಬರಲಿಲ್ಲ. 2024ರ ಬೇಸಿಗೆಗೆ ಬೆಂಗಳೂರಿನ ಬೋರುಗಳೂ ಬತ್ತಿದವು. ಮಗಳ ಮನೆ ಬೋರೂ ನಿಂತು ಟ್ಯಾಂಕರ್ ನೀರಾಯ್ತು. ಮಾರ್ಚಿನಲ್ಲಿ ಜಲಮಂಡಳಿಯವರು ಕುಡಿಯೋ ನೀರನ್ನು ಗಿಡಕ್ಕೆ, ಕಾರು ತೊಳೆಯೋಕೆ ಬಳಸಿದರೆ 5,000 ರೂಪಾಯಿ ದಂಡ ಅಂದರು. ಅದು ಸರಿಯೇ. ಜನಕ್ಕೆ ಕುಡಿಯೋಕೆ ಇಲ್ಲದಾಗ ಬೆಂಡೆಗಿಡಕ್ಕೆ ಹೊಯ್ಯೋದು ನ್ಯಾಯವಲ್ಲ.

ಆಗ ಕಂಡಿತು ಏರು ಮಡಿಯ ದೋಷ. ಮಳೆಗಾಲದಲ್ಲಿ ನೀರು ಬಸಿಯುವ ಗುಣವೇ ಬೇಸಿಗೆಯಲ್ಲಿ ಶತ್ರು. ಮೇಲೆ ಬಿಸಿಲು, ಪಕ್ಕದ ಬ್ಲಾಕುಗಳೂ ಕಾದು, ಮೂರು ಕಡೆಯಿಂದ ಒಣಗುತ್ತೆ. ಬೆಳಿಗ್ಗೆ ಕೊಟ್ಟ ನೀರು ಮಧ್ಯಾಹ್ನಕ್ಕೆ ಎರಡು ಇಂಚು ಕೆಳಗೆ. ನಾಲ್ಕು ಮಡಿಗೆ ದಿನಕ್ಕೆ ಆರು ಕೊಡ ಬೇಕಾಗುತ್ತಿತ್ತು. ಇದ್ದದ್ದು ಅಕ್ಕಿ, ತರಕಾರಿ ತೊಳೆದ ನೀರು ಎರಡು ಬಕೆಟ್ಟು.

ಈಗ ನಮ್ಮ ಸೀಮೆ ಬುದ್ಧಿ ಕೆಲಸಕ್ಕೆ ಬಂತು. ಒಣ ಸೀಮೆಯವರು ಬೇಸಿಗೆ ಪಾತಿಯನ್ನು ಏರಿಸಲ್ಲ, ತಗ್ಗಿಸುತ್ತಾರೆ. ಎರಡು ಮಡಿಗೆ ಬೆಳೆ ಬಿಟ್ಟು, ಒಂದು ಗೇಣು ದಪ್ಪ ತರಗೆಲೆ ಮುಚ್ಚಿ ಮಲಗಿಸಿದೆ. ಉಳಿದ ಎರಡರಲ್ಲಿ ನಡುವಿನ ಮೂರು ಇಂಚು ಮಣ್ಣು ತೆಗೆದು ಅಂಚಿಗೆ ಎಳೆದೆ. ಮಡಿ ತಟ್ಟೆಯ ಹಾಗಾಯ್ತು. ಒಂದೊಂದಕ್ಕೂ ಮೂರು ಮಡಿಕೆ ಹೂತೆ. ಐದು ಲೀಟರ್ ಹಿಡಿಯೋ ಮಣ್ಣಿನ ಮಡಿಕೆ, ಬಣ್ಣ ಹಚ್ಚಿದ್ದಲ್ಲ. ಕುತ್ತಿಗೆ ಮಾತ್ರ ಮೇಲೆ, ಬಾಯಿಗೆ ಮುಚ್ಚಳ, ಇಲ್ಲದಿದ್ದರೆ ಸೊಳ್ಳೆ. ಮಡಿಕೆ ಸುತ್ತ ಗಿಡ. ಮಣ್ಣು ಒಣಗಿದಷ್ಟೂ ಮಡಿಕೆ ಬೆವರುತ್ತೆ, ಮಣ್ಣು ಹಸಿ ಇದ್ದರೆ ನಿಲ್ಲುತ್ತೆ. ಎರಡು ದಿನಕ್ಕೊಮ್ಮೆ ತುಂಬಿದರೆ ಸಾಕು. ಮೇಲೆ ಮೂರು ಇಂಚು ತರಗೆಲೆಯ ಮುಚ್ಚಿಗೆ. ಎರಡು ಬಕೆಟ್ ನೀರಲ್ಲಿ ಬದನೆ, ಮೆಣಸಿನಗಿಡ, ಒಂದು ಪಟ್ಟಿ ದಂಟು ಉಳಿದವು. ಸೋಪಿನ ನೀರು ಸೊಪ್ಪಿಗೆ ಹಾಕಲಿಲ್ಲ.

ಒಂದು ಬ್ಲಾಕು ಎಳೆದೆ

ಮೇ ಮಳೆ ಬಿದ್ದ ಮೇಲೆ ಒಂದು ತಟ್ಟೆ ಮಡಿಯನ್ನು ಮತ್ತೆ ಏರಿಸಿದೆ. ಇನ್ನೊಂದನ್ನು ನಾಳೆ ಮಾಡೋಣ ಅಂತ ಬಿಟ್ಟೆ. 2024ರ ಜೂನ್ 2ರಂದು ಬೆಂಗಳೂರಿಗೆ ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿಯಿತು. ನಮ್ಮೂರಿನಲ್ಲಿ ಎರಡು ತಿಂಗಳಿಗೆ ಆಗೋ ಮಳೆ. ಏರಿಸಿದ ಮಡಿಗೆ ಏನೂ ಆಗಲಿಲ್ಲ. ತಟ್ಟೆ ಮಡಿ ಬಾನಿಯಂತೆ ತುಂಬಿ ಬದನೆ ಗಿಡ ಮೊಣಕಾಲಷ್ಟು ನೀರಲ್ಲಿ ನಿಂತ ಹಾಗಿತ್ತು. ರಾತ್ರಿ ಟಾರ್ಚ್ ಹಿಡಿದು ಹೋಗಿ ಮೂಲೆಯ ಒಂದು ಬ್ಲಾಕು ಎಳೆದೆ. ಗಾರೆ ಇರಲಿಲ್ಲವಲ್ಲ, ಸಲೀಸಾಗಿ ಬಂತು. ನೀರು ದಾರಿಗೆ ಹರಿದುಹೋಯ್ತು. ಟಾರ್ಚ್ ಹಿಡಿದಿದ್ದವರು ಅಳಿಯಂದಿರು.

ಆವತ್ತಿನಿಂದ ನಮ್ಮ ಪದ್ಧತಿ ಇಷ್ಟು: ಮೇ ಮೊದಲ ವಾರ ಮಡಿ ಏರಿಸೋದು, ಮುಚ್ಚಿಗೆ ತೆಳು ಮಾಡೋದು. ಜನವರಿ ಕೊನೆಗೆ ತಗ್ಗಿಸೋದು, ಮುಚ್ಚಿಗೆ ದಪ್ಪ ಮಾಡೋದು. ಒಂದು ಮಡಿಗೆ ಅರ್ಧ ಗಂಟೆ ಕೆಲಸ. ಎತ್ತರವನ್ನು ಒಮ್ಮೆ ಕಟ್ಟಿ ಬಿಡೋದಲ್ಲ, ಹಂಗಾಮಿಗೆ ತಕ್ಕ ಹಾಗೆ ಬದಲಿಸೋದು.

ಹುಳ ಹುಪ್ಪಟೆ

ದೊಡ್ಡ ಕಾಟ ಶಂಖದ ಹುಳುವಿನದು. ಮಳೆಗಾಲದಲ್ಲಿ ಬ್ಲಾಕಿನ ಸಂದಿ, ದಪ್ಪ ಮುಚ್ಚಿಗೆ ಅವಕ್ಕೆ ಮನೆ. ರಾತ್ರಿ ಆರಿಸಿ ಉಪ್ಪು ನೀರಿನ ಬಕೆಟ್ಟಿಗೆ ಹಾಕೋದೇ ದಾರಿ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳಿ. ಹೇನು, ಕಾಯಿಕೊರಕಕ್ಕೆ ಬೇವಿನ ಬೀಜದ ಕಷಾಯ. ಒಂದು ಲೀಟರ್ ನೀರಿಗೆ 50 ಗ್ರಾಂ ಬೀಜದ ಪುಡಿ ರಾತ್ರಿ ನೆನೆಸಿ, ಸೋಸಿ, ಚೂರು ಸೋಪು ಕರಗಿಸಿ ಸಂಜೆ ಹೊತ್ತು ಸಿಂಪಡಿಸುತ್ತೇವೆ. ವಿಷ ಒಂದು ಹನಿಯೂ ಬಳಸಿಲ್ಲ. ಮೊಮ್ಮಗ ಹುರುಳಿಕಾಯಿಯನ್ನು ಗಿಡದಿಂದ ಕಿತ್ತು ಹಾಗೇ ತಿನ್ನುತ್ತಾನೆ.

ಲೆಕ್ಕ

ಬ್ಲಾಕು 68ರಲ್ಲಿ 40 ಮನೆ ಕಟ್ಟಿ ಉಳಿದದ್ದು, 28 ಕೊಂಡದ್ದಕ್ಕೆ 1,064 ರೂ. ಮಣ್ಣಿಗೆ 2,000. ಗೊಬ್ಬರ ಸಾಗಣೆ 700. ಬೀಜ, ಮಡಿಕೆ, ಕೋಲು 900. ಒಟ್ಟು 4,664 ರೂಪಾಯಿ. ನನ್ನ ಕೂಲಿ ಹಿಡಿದಿಲ್ಲ.

ಮಗಳು ಕೊಯ್ದದ್ದನ್ನೆಲ್ಲ ಕ್ಯಾಲೆಂಡರಿನ ಚೌಕದಲ್ಲಿ ಬರೆಯುತ್ತಾಳೆ. 2023ರಲ್ಲಿ ಸೊಪ್ಪು 140 ಕಟ್ಟು, ಟೊಮೆಟೊ 21 ಕಿಲೊ, ಬದನೆ 9, ಹೀರೆ 7, ಬೆಂಡೆ 6, ಹುರುಳಿಕಾಯಿ 5 ಕಿಲೊ. ಆಗಿನ ಅಂಗಡಿ ರೇಟಿನಲ್ಲಿ ಸುಮಾರು 3,900 ರೂಪಾಯಿ. ಹಾಕಿದ ದುಡ್ಡು ಮೊದಲ ವರ್ಷವೇ ಪೂರ್ತಿ ಬರಲಿಲ್ಲ. ತರಕಾರಿ ಕೊಳ್ಳೋದೂ ನಿಂತಿಲ್ಲ, ಈರುಳ್ಳಿ, ಆಲೂಗೆಡ್ಡೆ, ಕ್ಯಾರೆಟ್ ಕೊಳ್ಳಲೇಬೇಕು. ಸೊಪ್ಪು ಕೊಳ್ಳೋದು ಮಾತ್ರ ನಿಂತಿದೆ. ಪೇಟೆಯವರು ಮನೆಗೆ ಬೇಕಾದ್ದೆಲ್ಲ ಇಷ್ಟರಲ್ಲೇ ಬೆಳೆಯುತ್ತೇವೆ ಅಂದರೆ ನಂಬಬೇಡಿ.

ಕ್ಯಾಲೆಂಡರಿನಲ್ಲಿ ಬರೆಯದ ಲೆಕ್ಕ ಇನ್ನೊಂದಿದೆ. ಈ 240 ಚದರ ಅಡಿ ಮೇಲೆ ಒಂದು ಇಂಚು ಮಳೆ ಬಿದ್ದರೆ 550 ಲೀಟರಿಗೂ ಮೇಲೆ. ಕಾಂಕ್ರೀಟು ಹಾಕಿದ್ದರೆ ಅಷ್ಟೂ ಚರಂಡಿಗೆ ಹೋಗಿ ತಗ್ಗಿನ ಮನೆಯವರ ಬಾಗಿಲಿಗೆ ಹೋಗುತ್ತಿತ್ತು. ಈಗ ಬಹುಪಾಲು ಅಲ್ಲೇ ಇಂಗುತ್ತೆ.

ಕಾರು ಈಗ ರಸ್ತೆ ಬದಿಯಲ್ಲಿ ಬಿಸಿಲಿಗೆ ನಿಲ್ಲುತ್ತೆ. ಅದು ಸರಿಯಲ್ಲ ಅನ್ನೋ ಕೊರಗು ನನಗೂ ಇದೆ. ಕಾಂಕ್ರೀಟಿನ ಮಾತು ಎತ್ತಿದ್ದು ಕಳೆದ ಸಲ ನಾನೇ. "ಬಿಡಿ ಮಾವ, ಈ ಸಲ ಮೆಣಸಿನ ಸಸಿ ಯಾವಾಗ ತರ್ತೀರಿ?" ಅಂದರು.

ಊರಿನಲ್ಲಿ ಬಚ್ಚಲ ನೀರು ಹೋಗುವ ಕಡೆ ಎರಡು ತಗ್ಗು ಮಡಿ ಮಾಡಿ ಮಡಿಕೆ ಹೂತಿದ್ದೇನೆ. ಬಚ್ಚಲ ನೀರು ಬದನೆಗೆ, ಮಡಿಕೆ ನೀರು ಸೊಪ್ಪಿಗೆ. ಮೆಣಸಿನ ಒಟ್ಲಿನಲ್ಲೂ ಮಡಿಕೆ ಹೂಳಿ ನೋಡಬೇಕು ಅಂತಿದ್ದೇನೆ. ಒಟ್ಲಿನ ಎಳೆ ಬೇರು ಮಡಿಕೆವರೆಗೆ ಹೋಗುತ್ತೋ ಇಲ್ಲವೋ ಅನ್ನೋದು ನನ್ನ ಅನುಮಾನ. ಮಾಡಿ ನೋಡಿದವರಿದ್ದರೆ ಪತ್ರಿಕೆಗೆ ಒಂದು ಕಾಗದ ಬರೆಯಿರಿ.